ಎಣ್ಣೆಚೀಲದ ತಳ

ಹಡಗಿನಿಂದ ಇಳಿದು ದಡದ ಕಲ್ಲಿನ ಮೇಲೆ ಕಾಲಿಟ್ಟ ಕೂಡಲೇ ಅವಳು ಕರವಸ್ತ್ರ ತೆಗೆದು ಮೂಗಿಗೆ ಹಿಡಿದಳು. ನನಗೆ ಅಷ್ಟೇ ಸಾಕಾಯಿತು. ಹೆಸರು ಮಿಸ್ ಲಿಡಲ್ ಅಂತೆ, ದೊಡ್ಡ ಊರಿನಲ್ಲಿ ನರ್ಸ್ ಕೆಲಸ ಕಲಿತವಳಂತೆ, ನಮ್ಮ ಹೆಂಗಸರ ಹೆರಿಗೆ ನೋಡಲು ಯಾವುದೋ ಸಂಘದವರು ಕಳಿಸಿದ್ದಂತೆ. ಇರಲಿ. ಬಾಗಿಲಲ್ಲೇ ಮೂಗು ಮುಚ್ಚಿಕೊಳ್ಳುವವಳು ಒಳಗೆ ಬಂದು ಏನು ಉದ್ಧಾರ ಮಾಡುತ್ತಾಳೆ?

ಬೇಸಿಗೆಯ ಹಡಗಿನಲ್ಲಿ ಬರುವವರೆಲ್ಲ ಹೀಗೇ. ನಮ್ಮ ಸ್ಕೋರ್ವೇ ದ್ವೀಪ ಅವರಿಗೊಂದು ಮೋಜು. ಇರುವುದು ಒಂದು ಬೀದಿ, ಹದಿನಾರು ಮನೆ. ಅದರಲ್ಲೇ ಮೇಲೆ ಕೆಳಗೆ ಓಡಾಡಿ, ಹೇಳದೆ ಕೇಳದೆ ಬಾಗಿಲಲ್ಲಿ ಇಣುಕಿ, "ಅಯ್ಯೋ ಪಾಪ" ಅಂದು, ಮಕ್ಕಳ ಬಾಯಿಗೆ ಮಿಠಾಯಿ ತುರುಕಿ, ಸಂಜೆಯೊಳಗೆ ಹಡಗು ಹತ್ತುತ್ತಾರೆ. ಥೂ! ಅವರು ಮೈಗೆ ಪೂಸಿಕೊಂಡ ಹೂವಿನ ನೀರಿನ ವಾಸನೆ ನನಗೂ ನಾತವೇ ಆಗಿತ್ತು. ನಾನು ಮೂಗು ಮುಚ್ಚಿಕೊಂಡೆನೇ?

ನಮ್ಮ ದ್ವೀಪ ನಾರುತ್ತದೆ, ಸುಳ್ಳೇಕೆ ಹೇಳಲಿ. ಅದು ಫುಲ್ಮಾರ್ ಹಕ್ಕಿಯ ನಾತ. ಬಂಡೆಯ ಅಂಚಿನಲ್ಲಿ ಕೂರುವ ಆ ಹಕ್ಕಿ, ಹತ್ತಿರ ಹೋದವರ ಮುಖಕ್ಕೆ ಹೊಟ್ಟೆಯೊಳಗಿನ ಎಣ್ಣೆ ಕಾರುತ್ತದೆ. ಅಂಗಿಗೆ ಬಿದ್ದರೆ ಅಂಗಿ ಹರಿದು ಚಿಂದಿಯಾಗುವವರೆಗೂ ವಾಸನೆ ಬಿಡದು. ನಮ್ಮ ಗಂಡಸರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದು, ಅದು ಕಾರುವ ಮೊದಲೇ ಕತ್ತು ತಿರುವಿ, ಹನಿ ಚೆಲ್ಲದಂತೆ ಮೇಲೆ ತರುತ್ತಾರೆ. ಮಾಂಸ ಚಳಿಗಾಲಕ್ಕೆ, ಗರಿ ಜಮೀನ್ದಾರನ ಗೇಣಿಗೆ, ಎಣ್ಣೆ ದೀಪಕ್ಕೆ, ಕೆಮ್ಮಿಗೆ, ಮಂಡಿನೋವಿಗೆ, ಮಲ ಕಟ್ಟಿದವರಿಗೆ. ಓಟ್ಸ್ ಗಂಜಿಯಲ್ಲೂ ಅದೇ ವಾಸನೆ, ಹಾಸಿಗೆಯಲ್ಲೂ ಅದೇ, ಚರ್ಚಿನಲ್ಲಿ ಮುಂದಿನ ಸಾಲಿನವಳ ತಲೆಗೂದಲಲ್ಲೂ ಅದೇ. ನನ್ನ ಗಂಡ ಬಂಡೆಯಿಂದ ಬಿದ್ದು ಸತ್ತದ್ದೂ ಆ ಹಕ್ಕಿಗೆ ಕೈ ಚಾಚಿಯೇ.

ನಾನು ಓಯ್ರಿಕ್. ಇಪ್ಪತ್ತೆರಡು ವರ್ಷ ಈ ದ್ವೀಪದ ಸೂಲಗಿತ್ತಿಯಾಗಿದ್ದೆ. ನಮ್ಮಲ್ಲಿ ಮೊಣಕಾಲಿನವಳು ಅನ್ನುತ್ತಾರೆ, ಹುಟ್ಟಿದ ಮಗು ಮೊದಲು ಮಲಗುವುದು ಅವಳ ಮೊಣಕಾಲ ಮೇಲೆ ಅಂತ. ನನಗಿಂತ ಮೊದಲು ನನ್ನಮ್ಮ, ಅವಳಿಗಿಂತ ಮೊದಲು ಅಜ್ಜಿ. ಅವರಿಂದ ನನಗೆ ಬಂದ ಆಸ್ತಿ ಒಂದು ಚೀಲ.

ಆ ಚೀಲದ ವಿಷಯ ಹೇಳಲೇಬೇಕು. ಗ್ಯಾನೆಟ್ ಅನ್ನುವ ದೊಡ್ಡ ಕಡಲಹಕ್ಕಿಯ ಹೊಟ್ಟೆಯನ್ನು ಒಣಗಿಸಿ ಮಾಡಿದ ಎಣ್ಣೆಚೀಲ. ದೀಪದೆಣ್ಣೆಯ ಚೀಲ ಎಲ್ಲರ ಮನೆಯಲ್ಲೂ ಇರುತ್ತದೆ. ಇದು ಹೊಕ್ಕುಳ ಎಣ್ಣೆಯದು, ಇಡೀ ದ್ವೀಪಕ್ಕೆ ಒಂದೇ. ಇದನ್ನು ಬರಿದು ಮಾಡುವಂತಿಲ್ಲ, ತೊಳೆಯುವಂತಿಲ್ಲ. ಪ್ರತಿ ವರ್ಷ ಹಿಡಿದ ಮೊದಲ ಫುಲ್ಮಾರಿನ ಎಣ್ಣೆಯನ್ನು ಹಳೆಯದರ ಮೇಲೇ ಸುರಿಯಬೇಕು. ಹಳೆಯದು ಎಂದೂ ತೀರಬಾರದು. ಚೀಲ ಬಿರಿಯುವಂತೆ ಕಂಡರೆ ಅದನ್ನು ಹಾಗೇ ಇನ್ನೊಂದು ಹೊಸ ಚೀಲದೊಳಗೆ ಇಳಿಸುತ್ತಿದ್ದೆವು. ಹೀಗೆ ಚೀಲದೊಳಗೆ ಚೀಲ, ಅದರೊಳಗೆ ಚೀಲ. ಅಜ್ಜಿಯ ಕಾಲದ ಹನಿ ನನ್ನ ಕಾಲದ ಮಗುವಿಗೂ ತಾಗಬೇಕು, ಅದೇ ಅದರ ಶಕ್ತಿ ಅಂತ ಅಮ್ಮ ಹೇಳಿಕೊಟ್ಟಿದ್ದಳು. ಗಟ್ಟಿಯಾಗದಿರಲಿ ಅಂತ ಕೊಟ್ಟಿಗೆಯ ತೊಲೆಗೆ, ಹಸುಗಳ ಬಿಸಿಯುಸಿರು ತಾಗುವ ಕಡೆ ತೂಗುಹಾಕುತ್ತಿದ್ದೆ. ಮಗು ಹುಟ್ಟಿದರೆ ಹೊಕ್ಕುಳಬಳ್ಳಿ ಕೊಯ್ದು, ಬಲಗೈ ಹೆಬ್ಬೆರಳನ್ನು ಚೀಲದ ಬಾಯಿಗೆ ಅದ್ದಿ, ಕೊಯ್ದ ಗಾಯದ ಮೇಲೆ ಮೂರು ಸುತ್ತು ಸವರಿ ಒತ್ತುತ್ತಿದ್ದೆ. ಆ ಹೆಬ್ಬೆರಳಿನ ಬಗ್ಗೆ ನನಗೆ ತುಂಬಾ ಜಂಬವಿತ್ತು.

ಇಪ್ಪತ್ತೆರಡು ವರ್ಷದಲ್ಲಿ ಮೂವತ್ತೆಂಟು ಹೆರಿಗೆ. ಇಪ್ಪತ್ತೊಂದು ಮಕ್ಕಳು ಹೋದವು.

ಎಂಟು ದಿನದ ಬೇನೆ. ಮಗು ಚೆನ್ನಾಗಿಯೇ ಹುಟ್ಟುತ್ತದೆ, ಗಟ್ಟಿಯಾಗಿ ಅಳುತ್ತದೆ, ಹಾಲು ಕುಡಿಯುತ್ತದೆ. ಐದನೆಯ ದಿನವೋ ಆರನೆಯ ದಿನವೋ ಮೊಲೆ ಬಿಡುತ್ತದೆ. ಆಮೇಲೆ ದವಡೆ ಕಚ್ಚಿಕೊಳ್ಳುತ್ತದೆ, ಬೆನ್ನು ಹಿಂದಕ್ಕೆ ಬಾಗುತ್ತದೆ, ಎಂಟನೆಯ ದಿನದೊಳಗೆ ಎಲ್ಲ ಮುಗಿಯುತ್ತದೆ. ಅದಕ್ಕೇ ನಾವು ಒಂಬತ್ತನೆಯ ದಿನದವರೆಗೆ ಮಗುವಿಗೆ ಒಂದು ಬಟ್ಟೆಯನ್ನೂ ಹೊಲಿಯುವುದಿಲ್ಲ, ಹೆಸರಿಟ್ಟು ಕರೆಯುವುದಿಲ್ಲ. ಹಳೆಯ ಅಂಗಿಯ ತುಂಡಿನಲ್ಲಿ ಸುತ್ತಿಡುತ್ತೇವೆ. ದೇವರ ಇಚ್ಛೆ ಅಂತ ಪಾದ್ರಿ ಅನ್ನುತ್ತಿದ್ದರು, ಎಣ್ಣೆಗೂ ಮೀರಿದ್ದು ಅಂತ ನಾನು ಅನ್ನುತ್ತಿದ್ದೆ.

ನೆರೆಮನೆಯ ಉನಾಳಿಗೆ ಅಂಥವು ಐದು. ಮೊದಲ ಬಸುರಿನಲ್ಲಿ ಹುಡುಗಾಟಕ್ಕೆ, ಹೆರಿಗೆಗೆ ಮುಂಚೆಯೇ ಒಂದು ಉಣ್ಣೆಯ ಟೋಪಿ ಹೆಣೆದುಬಿಟ್ಟಿದ್ದಳು. ಆ ಮಗು ಏಳನೆಯ ದಿನ ಹೋದಾಗ, ಎಲ್ಲರೆದುರಿಗೆ, "ನಿನ್ನ ಟೋಪಿಯೇ ಅದನ್ನ ತಿಂತು ಕಣೇ" ಅಂತ ನಾನೇ ಅಂದಿದ್ದೆ. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು. ಆಮೇಲಿನ ನಾಲ್ಕು ಹೆರಿಗೆಗೂ ನನ್ನನ್ನೇ ಕರೆದಳು.

ಈಗ ನನ್ನ ಮಗಳು ಮಾರ್ಸಲಿಯ ಮೂರನೆಯ ಹೆರಿಗೆ. ಮೊದಲ ಎರಡೂ ಎಂಟು ದಿನದ ಬೇನೆಗೆ ಹೋಗಿದ್ದವು. ನರ್ಸಮ್ಮ ಇಳಿದುಕೊಂಡಿದ್ದು ಪಾದ್ರಿಯ ಮನೆಯಲ್ಲಿ, ಆದರೆ ದಿನಾ ನಮ್ಮ ಮನೆಯಲ್ಲೇ ಇರುತ್ತಿದ್ದಳು. ನಮ್ಮ ಮಾತು ಅವಳ ಬಾಯಲ್ಲಿ ಕುಂಟುತ್ತಿತ್ತು. "ಕೈ ತೊಳಿ. ಕೊಳಕು. ಪಾತ್ರೆ ಕುದಿಸಿ." ಇಷ್ಟೇ ಅವಳಿಗೆ ಬರುತ್ತಿದ್ದದ್ದು, ಇಷ್ಟನ್ನೇ ದಿನವೆಲ್ಲ ಬಡಬಡಿಸುತ್ತಿದ್ದಳು. ನನಗೊಂದು ಕೆಂಪು ಸೋಪು ಕೊಟ್ಟಳು. ಅದರ ಘಾಟು ನೆತ್ತಿಗೇರುತ್ತಿತ್ತು. ಹಕ್ಕಿಯ ನಾತ ಅಂತ ಮೂಗು ಮುಚ್ಚುವವರಿಗೆ ಈ ಘಾಟು ಹೇಗೆ ಹಿತವಾಗುತ್ತದೋ ಆ ದೇವರಿಗೇ ಗೊತ್ತು.

ಆಗಸ್ಟಿನ ಒಂದು ಗುರುವಾರ ಬೆಳಿಗ್ಗೆ ಮಾರ್ಸಲಿಗೆ ನೋವು ಬಂತು. ನಾನು ಕೊಟ್ಟಿಗೆಯಿಂದ ಚೀಲ ತಂದು ಒಲೆಯ ಪಕ್ಕ ಇಟ್ಟೆ. ನರ್ಸಮ್ಮ ಹತ್ತಿರ ಬಂದು, ಚೀಲದ ಬಾಯಿ ಬಿಚ್ಚಿ, ಬಗ್ಗಿ ಮೂಸಿದಳು. ಮುಖ ಬಿಳಿಚಿಕೊಂಡಿತು. ಎದ್ದು ಓಡಿ ಹೋಗಿ ಮನೆಯ ಹಿಂದಿನ ಗೋಡೆಗೆ ಕೈಯಾನಿಸಿ ವಾಂತಿ ಮಾಡಿಕೊಂಡಳು. ಆ ಸದ್ದು ಒಳಗೆ ಕೇಳುತ್ತಿತ್ತು. ನನ್ನ ಅಜ್ಜಿಯ ಚೀಲ ನೋಡಿ ವಾಂತಿ! ನನ್ನ ಮೈ ಉರಿದುಹೋಯಿತು.

ವಾಪಸ್ ಬಂದವಳು ಬಾಗಿಲಲ್ಲೇ ನಿಂತಳು. "ಇದು ಒಳಗೆ ಇದ್ರೆ, ನಾನು ಹೊರಗೆ."

"ಹೊರಗೇ ಇರು ತಾಯಿ, ಯಾರು ಕರೆದ್ರು ನಿನ್ನ? ನನ್ ಮಗಳ ಹೆರಿಗೆ ನಂಗೆ ಮಾಡಕ್ಕೆ ಬರುತ್ತೆ" ಅಂದೆ.

ಆಗ ಅಳಿಯ ಫಿನ್ಲೆ ಮಧ್ಯೆ ಬಂದ. ಮುನ್ನೂರು ಅಡಿ ಬಂಡೆಯಲ್ಲಿ ಬರಿಗಾಲಲ್ಲಿ ಇಳಿಯುವ ಗಂಡಸು, ನನ್ನೆದುರು ಕೈ ಮುಗಿದು ನಿಂತ. "ಅತ್ತೇ, ನಿಮ್ ಕಾಲಿಗೆ ಬೀಳ್ತೀನಿ. ಎರಡು ಸಲ ನಿಮ್ಮ ಹಾಗೇ ಮಾಡಿದ್ವಿ. ಇದೊಂದ್ಸಲ ಅವಳು ಹೇಳ್ದ ಹಾಗೆ ಮಾಡ್ಬಿಡೋಣ."

"ಹಂಗಾದ್ರೆ ಆ ಎರಡನ್ನೂ ನಾನೇ ಕೊಂದೆ ಅಂತೀಯೇನೋ?"

"ಅಯ್ಯೋ, ನಾನೆಲ್ಲಿ ಹಾಗಂದೆ ಅತ್ತೇ..."

ಹಾಗಂದಿರಲಿಲ್ಲ. ಆದರೂ ಚೀಲವನ್ನು ಎತ್ತಿ ಕೊಟ್ಟಿಗೆಯ ತೊಲೆಗೆ ವಾಪಸ್ ಕಟ್ಟಿಬಂದೆ. ಮಧ್ಯಾಹ್ನಕ್ಕೆ ಗಂಡು ಮಗು ಹುಟ್ಟಿತು. ನರ್ಸಮ್ಮ ಕುದಿಸಿದ ಕತ್ತರಿಯಿಂದ ಕೊಯ್ದಳು, ಕುದಿಸಿದ ದಾರದಿಂದ ಕಟ್ಟಿದಳು, ಏನೋ ಬಿಳಿ ಪುಡಿ ಉದುರಿಸಿ ಬಟ್ಟೆ ಸುತ್ತಿದಳು. ಮೂರು ಸಲ ಕೈ ತೊಳೆಸಿದ ಮೇಲೆಯೇ ನನ್ನ ಮೊಮ್ಮಗನನ್ನು ನನಗೆ ಕೊಟ್ಟದ್ದು. ನಮ್ಮ ಪದ್ಧತಿಯಂತೆ ಮಗುವನ್ನು ಎತ್ತಿಕೊಂಡು ಒಲೆಯ ಸುತ್ತ ಮೂರು ಸುತ್ತು ಬಂದೆ. ಮಗುವಿನ ಮೈಯಿಂದಲೂ ಆ ಸೋಪಿನ ವಾಸನೆ ಬರುತ್ತಿತ್ತು. ನಮ್ಮ ಮಗುವಿನ ವಾಸನೆಯೇ ಅಲ್ಲ ಅದು, ನನಗೆ ಅಸಹ್ಯವಾಯಿತು.

ಬಾವಿಯ ಹತ್ತಿರ ಹೆಂಗಸರು ನನ್ನನ್ನೇ ಕಾಯುತ್ತಿದ್ದರು.

"ಏನೇ ಓಯ್ರಿಕ್, ನಿನ್ ಮನೇಲೇ ನಿನ್ನ ಕೈ ಕಟ್ಟಿ ಕೂರಿಸಿದ್ರಂತೆ?" ಅಂದಳು ಒಬ್ಬಳು.

"ಎಣ್ಣೆ ಇಲ್ದೆ ಹೊಕ್ಕುಳ ಒಣಗುತ್ತಾ? ಅಲ್ಲಾ, ನೀನಾದ್ರೂ ಸುಮ್ನೆ ಬಿಟ್ಯಾ?" ಅಂದಳು ಲೆಕ್ಸಿ. ಏಳು ತಿಂಗಳ ಬಸುರಿ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡೇ ಮಾತಾಡುತ್ತಿದ್ದಳು.

ಉನಾ ಮಾತ್ರ ನನ್ನ ಬಿಂದಿಗೆಗೆ ತಾನೇ ನೀರು ತುಂಬಿಸಿ ಎತ್ತಿಕೊಟ್ಟಳು. ಮೆಲ್ಲಗೆ ಅಂದಳು: "ಅವರಿವರ ಮಾತು ಬಿಡು. ಮಗು ನಿನ್ನದು, ಚೀಲಾನೂ ನಿನ್ನದು. ಆ ನರ್ಸಮ್ಮ ಯಾವಾಗಾದ್ರೂ ಆಚೆ ಈಚೆ ಹೋಗೇ ಹೋಗ್ತಾಳೆ. ಏನ್ ಮಾಡ್ಬೇಕೋ ಅದನ್ನ ಮಾಡು ಓಯ್ರಿಕ್. ನನ್ ಹಾಗೆ ಆಗೋದು ಬೇಡ ಮಾರ್ಸಲಿಗೆ."

ಭಾನುವಾರ ಅದಕ್ಕೆ ಸಮಯ ಸಿಕ್ಕಿತು. ಮಗುವಿಗೆ ಅಂದು ನಾಲ್ಕನೆಯ ದಿನ. ಭಾನುವಾರ ಅಂದರೆ ನಮ್ಮಲ್ಲಿ ನಾಯಿ ಕೂಡ ಚರ್ಚಿನ ಬಾಗಿಲಲ್ಲಿ ಮಲಗುತ್ತದೆ. ನರ್ಸಮ್ಮನೂ ಹೋದಳು, ಫಿನ್ಲೆಯೂ ಹೋದ. ಬಾಣಂತಿಯನ್ನು ನೋಡಿಕೊಳ್ಳಲು ಅಂತ ನಾನು ಉಳಿದೆ. ಚರ್ಚಿನ ಕಡೆಯಿಂದ ಹಾಡು ಕೇಳಿಸಿದ ಮೇಲೆ ಕೊಟ್ಟಿಗೆಗೆ ಹೋಗಿ ಚೀಲ ಬಿಚ್ಚಿ ತಂದೆ.

ಮಾರ್ಸಲಿ ನಿದ್ದೆ ಮಾಡುತ್ತಿದ್ದಾಳೆ ಅಂದುಕೊಂಡಿದ್ದೆ. ಮಗುವಿನ ಸುತ್ತು ಬಿಚ್ಚಲು ಕೈ ಹಾಕಿದೆ.

"ಅಮ್ಮಾ, ಏನದು ಕೈಯಲ್ಲಿ?"

"ಏನಿಲ್ಲ. ಮಲಕ್ಕೋ."

"ವಾಸ್ನೆ ಬರ್ತಿದೆ. ಚೀಲ ತಂದಿದ್ದೀಯ."

"ಹೂಂ, ತಂದೆ. ಇನ್ನೇನು, ಬಿಳಿ ಪುಡಿ ಉದುರಿಸಿದೋಳ ನಂಬ್ಕೊಂಡು ಮಗೂನ ಮಣ್ಣಿಗೆ ಹಾಕ್ಲಾ? ಇವತ್ತಿಗೆ ನಾಲ್ಕು ದಿನ. ಇವತ್ತು ಹಚ್ಚದೆ ಇದ್ರೆ ಆಮೇಲೆ ಹಚ್ಚಿ ಪ್ರಯೋಜನ ಇಲ್ಲ."

"ಬೇಡಮ್ಮ."

"ಬಾಯ್ಮುಚ್ಚು. ನಿನ್ನ ಹೆತ್ತವಳು ನಾನು. ನಿಂಗೂ ಇದೇ ಎಣ್ಣೆ ಹಚ್ಚಿದ್ದು, ನಿಂಗೇನಾಗಿದೆ ದಾಡಿ?"

ಮಾರ್ಸಲಿ ಮೊಣಕೈ ಊರಿ ಎದ್ದು ಕೂತಳು. "ನನ್ ಬೆನ್ನಿಗೆ ಹುಟ್ಟಿದ ಮೂರಕ್ಕೂ ಇದನ್ನೇ ಹಚ್ಚಿದ್ರಲ್ಲ, ಅವಕ್ಕೇನಾಯ್ತು?"

ಆ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಆಡಿದ್ದಿಲ್ಲ. ನನ್ನ ಆ ಮೂರು ಮಕ್ಕಳಿಗೆ ಎಣ್ಣೆ ಹಚ್ಚಿದ್ದು ನನ್ನಮ್ಮ. ನನಗೆ ಕೋಪ ಬಂದು ಕಣ್ಣು ಕತ್ತಲಿಟ್ಟಿತು. ಮಗುವಿನ ಸುತ್ತು ಎಳೆದೆ, ಹೆಬ್ಬೆರಳನ್ನು ಚೀಲದ ಬಾಯಿಗೆ ಹಾಕಿದೆ.

"ಎರಡನ್ನ ನಿನ್ ಮೊಣಕಾಲ ಮೇಲೆ ಹಾಕ್ದೆ. ಇದೊಂದನ್ನ ನಂಗೆ ಬಿಡು!" ಅಂತ ಕೂಗಿದವಳೇ ಹಾಸಿಗೆಯಿಂದ ಕಾಲೆತ್ತಿ ಚೀಲಕ್ಕೆ ಒದ್ದಳು. ನಾಲ್ಕು ದಿನದ ಬಾಣಂತಿ, ಎಲ್ಲಿತ್ತೋ ಆ ಬಲ. ಚೀಲ ನನ್ನ ಕೈ ತಪ್ಪಿ ಒಲೆಯ ಕಲ್ಲಿಗೆ ಬಡಿದು, ಹೊರಗಿನದು ಒಳಗಿನದು ಎಲ್ಲ ಒಟ್ಟಿಗೆ ಬಿರಿಯಿತು.

ಮೊದಲು ಹರಿದದ್ದು ಈ ವರ್ಷದ್ದು, ತಿಳಿಯಾದ ಹಳದಿ ಎಣ್ಣೆ. ಆಮೇಲೆ ಕಂದು ಬಣ್ಣದ್ದು ಬಂತು. ಆಮೇಲೆ ಹರಿಯದೆ ಮುದ್ದೆಮುದ್ದೆಯಾಗಿ ಒಂದು ಕಪ್ಪು ಲೋಳೆ ನೆಲಕ್ಕೆ ಇಳಿಯಿತು. ಅದರಲ್ಲಿ ಕೊಳೆತ ಗರಿಗಳಿದ್ದವು, ಹಸುವಿನ ಕೂದಲಿತ್ತು, ಒಣ ಸಗಣಿಯ ಪುಡಿ ಇತ್ತು. ಅಜ್ಜಿಯ ಕಾಲದ ಒಳಚೀಲ ಅದರಲ್ಲೇ ಕರಗಿ ಹೋಗಿ ಚರ್ಮದ ಚೂರುಗಳಾಗಿತ್ತು. ಬಿಳಿ ಹುಳುಗಳು ಯಾವುದೋ ಕಾಲದಲ್ಲಿ ಅದರಲ್ಲಿ ಬಿದ್ದು ಸತ್ತು ಅಕ್ಕಿಕಾಳಿನಂತೆ ಅಂಟಿಕೊಂಡಿದ್ದವು. ಐವತ್ತೇಳು ವರ್ಷ ಆ ಹಕ್ಕಿಯ ನಾತದಲ್ಲೇ ಬಾಳಿದವಳು ನಾನು, ನನಗೇ ಉಸಿರು ಕಟ್ಟಿತು. ಇದು ಎಣ್ಣೆಯ ನಾತವಲ್ಲ. ಹಳ್ಳದಲ್ಲಿ ಬಿದ್ದು ಸತ್ತ ಕುರಿಯನ್ನು ವಾರದ ಮೇಲೆ ಎತ್ತಿದಾಗ ಬರುವ ನಾತ.

ನನ್ನ ಬಲಗೈ ಹೆಬ್ಬೆರಳಿಗೆ ಅದೇ ಅಂಟಿತ್ತು, ಉಗುರಿನ ಸಂದಿಯಲ್ಲೆಲ್ಲ ತುಂಬಿತ್ತು.

ನಾನು ಚೀಲದ ತಳವನ್ನು ಎಂದೂ ನೋಡಿರಲಿಲ್ಲ. ನನ್ನಮ್ಮನೂ ನೋಡಿರಲಿಲ್ಲ. ನೋಡುವಂತಿರಲಿಲ್ಲ, ಅಷ್ಟೇ. ಮಾರ್ಸಲಿ ಮಗುವನ್ನು ಎದೆಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿ ಮಲಗಿದಳು. ನಾನು ಒಲೆಯ ಬೂದಿ ಸುರಿದು ಆ ಲೋಳೆಯನ್ನು ಬಾಚತೊಡಗಿದೆ. ಬಾಚುತ್ತಿದ್ದಂತೆ ವಾಕರಿಕೆ ಬಂತು. ಓಡಿ ಹೋಗಿ ಮನೆಯ ಹಿಂದಿನ ಗೋಡೆಗೆ ಕೈಯಾನಿಸಿದೆ. ಎರಡು ಸಲ ವಾಂತಿಯಾದ ಮೇಲೆ ನೆನಪಾಯಿತು, ಮೂರು ದಿನದ ಹಿಂದೆ ಅವಳು ನಿಂತಿದ್ದೂ ಇಲ್ಲೇ.

ಚರ್ಚಿನಿಂದ ಬಂದ ನರ್ಸಮ್ಮ ಬಾಗಿಲಲ್ಲಿ ನಿಂತು ಎಲ್ಲ ನೋಡಿದಳು. ಮೊದಲು ಹೋಗಿ ಮಗುವಿನ ಹೊಕ್ಕುಳಿಗೆ ಸುತ್ತಿದ ಬಟ್ಟೆ ಬಿಚ್ಚಿ ನೋಡಿದಳು. ಒಣಗಿತ್ತು. ಆಮೇಲೆ ಅಂಗಿಯ ತೋಳು ಮಡಚಿ, ಬಕೆಟ್ ತಂದು, ನನ್ನ ಪಕ್ಕದಲ್ಲೇ ಮಂಡಿಯೂರಿ ನೆಲ ಉಜ್ಜಿದಳು. ಮೂಗು ಮುಚ್ಚಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಬೈಯದಿದ್ದದ್ದಕ್ಕೂ ನನಗೆ ಸಿಟ್ಟೇ ಬಂತು. ಫಿನ್ಲೆ ಉಳಿದದ್ದನ್ನು ಸಲಿಕೆಯಲ್ಲಿ ಎತ್ತಿ ಬಂಡೆಯ ಅಂಚಿನಿಂದ ಕಡಲಿಗೆ ಎಸೆದು ಬಂದ. ನಾವು ನಾಲ್ವರು ಬಿಟ್ಟರೆ ಊರಿನಲ್ಲಿ ಯಾರಿಗೂ ಅದು ಗೊತ್ತಾಗಲಿಲ್ಲ.

ಇನ್ನು ಹೇಳುವುದು ನನಗೆ ಕಷ್ಟ, ಆದರೂ ಹೇಳುತ್ತೇನೆ. ಸೋಮವಾರದಿಂದ ನಾನು ಕಾಯತೊಡಗಿದೆ. ಮಗು ಉಳಿಯಲಿ ಅಂತ ಅಲ್ಲ. ಅದು ಮೊಲೆ ಬಿಡಲಿ ಅಂತ ಕಾದೆ. ಬಿಟ್ಟರೆ ಬೇನೆ ಬೇನೆಯೇ, ಎಣ್ಣೆಗೂ ಅದಕ್ಕೂ ಸಂಬಂಧವಿಲ್ಲ, ನನ್ನ ಕೈ ಚೊಕ್ಕ. ಬಿಡದಿದ್ದರೆ? ಸ್ವಂತ ಮೊಮ್ಮಗನ ತೊಟ್ಟಿಲ ಪಕ್ಕ ಕೂತು, ಅದರ ಬಾಯಿಯನ್ನೇ ನೋಡುತ್ತಾ, ದವಡೆ ಕಚ್ಚಿಕೋ, ಕಚ್ಚಿಕೋ ಅಂತ ಮನಸ್ಸಿನಲ್ಲಿ ಅನ್ನುವ ಅಜ್ಜಿ. ನನ್ನಷ್ಟು ಹೇಸಿಗೆ ಆ ಚೀಲದ ತಳದಲ್ಲೂ ಇರಲಿಲ್ಲ.

ಮಂಗಳವಾರ ಆರನೆಯ ದಿನ. ಮಗು ಅಂದು ಬೆಳಿಗ್ಗೆ ಹೆಚ್ಚು ಹೊತ್ತು ಮಲಗಿತ್ತು. ಮಾರ್ಸಲಿ ನನ್ನ ಮುಖವನ್ನೇ ನೋಡುತ್ತಿದ್ದಳು, ಕೇಳಲು ಹೆದರುತ್ತಿದ್ದಳು. ನಾನು ಆ ಕೆಂಪು ಸೋಪಿನಿಂದ ಕೈ ಉಜ್ಜಿ ಉಜ್ಜಿ, ಚರ್ಮ ಬಿರಿಯುವವರೆಗೂ ಉಜ್ಜಿ ಬಂದು, ಹೆಬ್ಬೆರಳನ್ನು ಮಗುವಿನ ತುಟಿಗೆ ತಾಗಿಸಿದೆ. ದವಡೆ ಕಚ್ಚಿದೆಯೋ ಅಂತ ನಾನು ನೋಡುವುದೇ ಹೀಗೆ. ಬಾಯಿ ತೆರೆಯಿತು. ಹೆಬ್ಬೆರಳನ್ನು ಒಳಗೆಳೆದುಕೊಂಡು ಜೋರಾಗಿ ಚೀಪತೊಡಗಿತು. ಹಾಲು ಬರುವುದಿಲ್ಲ ಅಂತ ಸಿಟ್ಟು ಮಾಡಿಕೊಂಡು ಇನ್ನೂ ಜೋರಾಗಿ ಚೀಪಿತು.

"ಅಮ್ಮಾ? ಹೇಗಿದೆ?" ಅಂದಳು ಮಾರ್ಸಲಿ.

"ಹಸಿದಿದೆ. ಎತ್ಕೋ."

ಅಷ್ಟು ಹೇಳಿ ಹೊರಗೆ ಹೋದೆ. ಗಾಳಿ ಜೋರಾಗಿತ್ತು, ಬಾಗಿ ನಡೆಯಬೇಕಿತ್ತು. ಕಾಲು ತಾನಾಗಿ ಸ್ಮಶಾನದ ಕಡೆ ಹೋಯಿತು. ಅಲ್ಲಿ ಚಿಕ್ಕ ಮಕ್ಕಳಿಗೆ ಹೆಸರಿನ ಕಲ್ಲಿಲ್ಲ, ಕಡಲಿನ ಒಂದೊಂದು ಗುಂಡುಕಲ್ಲು ಇಟ್ಟಿರುತ್ತಾರೆ. ಇಪ್ಪತ್ತೊಂದನ್ನೂ ನಾನು ಬಲ್ಲೆ. ಯಾವುದು ಎಷ್ಟು ಜೋರಾಗಿ ಅಳುತ್ತಿತ್ತು, ಯಾವುದರ ತಲೆಯಲ್ಲಿ ಕೂದಲಿತ್ತು, ಎಲ್ಲ ನೆನಪಿದೆ. ಪ್ರತಿಯೊಂದೂ ನನ್ನ ಮೊಣಕಾಲ ಮೇಲೆ ಚೆನ್ನಾಗಿಯೇ ಇತ್ತು. ನಾನು ಹೆಬ್ಬೆರಳು ಒತ್ತುವವರೆಗೆ.

ಎಂಟನೆಯ ದಿನ ಕಳೆಯಿತು. ಮಗು ಅತ್ತಿತು, ಕುಡಿಯಿತು, ಮೈಮೇಲೆಲ್ಲ ಹೊಲಸು ಮಾಡಿಕೊಂಡಿತು.

ಒಂಬತ್ತನೆಯ ದಿನ ಊರಿನ ಹೆಂಗಸರೆಲ್ಲ ಬಟ್ಟೆ ತರುವುದು ನಮ್ಮ ಪದ್ಧತಿ. ಒಬ್ಬೊಬ್ಬರೂ ಒಂದೊಂದು, ಅಂಗಿಯೋ ಕಾಲುಚೀಲವೋ, ಅಂದು ಬೆಳಗಾದ ಮೇಲೆಯೇ ಹೊಲಿಯಲು ಕೂರುತ್ತಾರೆ. ಮನೆ ತುಂಬಿತು. ನಗು, ಗಲಾಟೆ, ಒಲೆಯ ಮೇಲೆ ಓಟ್ಸ್ ರೊಟ್ಟಿ. ಮಗುವನ್ನು ಕೈಯಿಂದ ಕೈಗೆ ದಾಟಿಸಿದರು. ನರ್ಸಮ್ಮ ಮೂಲೆಯಲ್ಲಿ ಒಂದು ಸ್ಟೂಲಿನ ಮೇಲೆ ಕೂತಿದ್ದಳು, ಅವಳನ್ನು ಯಾರೂ ಮಾತಾಡಿಸಲಿಲ್ಲ.

ಉನಾ ಬಂದವಳೇ ನನ್ನ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಕಣ್ಣಲ್ಲಿ ನೀರಿತ್ತು. ಅವಳು ತಂದಿದ್ದು ಒಂದು ಅಂಗಿ. ಟೋಪಿ ಹೆಣೆಯುವುದನ್ನು ಅವಳು ಯಾವತ್ತೋ ಬಿಟ್ಟಿದ್ದಳು.

"ನಿನ್ ಕೈಗುಣ ಓಯ್ರಿಕ್" ಅಂದಳು. "ಹಚ್ಚಿದೆ ತಾನೇ? ಭಾನುವಾರ ನೀನು ಚರ್ಚಿಗೆ ಬರ್ಲಿಲ್ಲ, ಆಗ್ಲೇ ಅಂದ್ಕೊಂಡೆ. ಆ ನರ್ಸಮ್ಮನ ಕಣ್ಣಿಗೆ ಮಣ್ಣೆರಚಿ ಹಚ್ಚೇಬಿಟ್ಟೆ, ಅಲ್ವಾ?"

"ಮತ್ತೆ! ಓಯ್ರಿಕ್ ಅಂದ್ರೆ ಸುಮ್ನೇನಾ?" ಅಂತ ಯಾರೋ ನಕ್ಕರು.

ಲೆಕ್ಸಿ ಒಲೆಯ ಪಕ್ಕದಿಂದ ಎದ್ದು ಬಂದಳು, ಹೊಟ್ಟೆಯ ಮೇಲೆ ಕೈ. "ಹಂಗಾದ್ರೆ ನನ್ ಹೆರಿಗೆಗೂ ನೀನೇ ಬರ್ಬೇಕು ಓಯ್ರಿಕ್. ಆ ಸೋಪಿನ ಡಬ್ಬಿ ನಂಗೆ ಬೇಡ್ವೇ ಬೇಡ. ಚೀಲ ತಗೊಂಡೇ ಬಾ."

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಹೌದು ಅನ್ನುವುದು ಎಷ್ಟು ಸುಲಭವಿತ್ತು! ಹೌದು ಅಂದರೆ ಈ ಮಗುವನ್ನು ಉಳಿಸಿದವಳು ನಾನು. ಉನಾ ನನ್ನ ಕೈಗೆ ಮುತ್ತಿಡುತ್ತಿದ್ದಳು. ಹೊಸ ಚೀಲ ಒಂದು ಮಾಡಿಕೊಂಡರೆ ಆಯಿತು, ತಳದಲ್ಲಿ ಏನಿತ್ತು ಅಂತ ಯಾರು ಕೇಳುತ್ತಾರೆ? ಹಾಸಿಗೆಯಲ್ಲಿ ಮಾರ್ಸಲಿ ಮಗುವನ್ನು ವಾಪಸ್ ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದಳು. ಹೌದು ಅಂದಿದ್ದರೂ ಅವಳು ನನ್ನನ್ನು ಬಿಟ್ಟುಕೊಡುತ್ತಿರಲಿಲ್ಲ. ನಾನು ಲೆಕ್ಸಿಯ ಹೊಟ್ಟೆ ನೋಡಿದೆ.

"ಇಲ್ಲ" ಅಂದೆ.

"ಏನಿಲ್ಲ?"

"ಎಣ್ಣೆ ಹಚ್ಚಿಲ್ಲ. ಒಂದು ಹನೀನೂ ತಾಗ್ಸಿಲ್ಲ. ಹಚ್ಚಕ್ಕೆ ಹೋಗಿದ್ದೆ, ಮಾರ್ಸಲಿ ಚೀಲ ಒದ್ದು ಒಡೆದು ಹಾಕಿದ್ಲು. ಅದರ ತಳದಲ್ಲಿ ಏನಿತ್ತು ಅಂತ ನಾನು ನೋಡ್ದೆ. ಕೊಳೆತು ಹುಳ ಬಿದ್ದಿತ್ತು. ಅದನ್ನೇ ಇಷ್ಟು ವರ್ಷ ಹಚ್ಚಿದ್ದು ನಾನು. ಹಚ್ಚದೆ ಇದ್ದಿದ್ದು ಇದೊಂದಕ್ಕೇ. ಲೆಕ್ಸಿ, ನೀನು ಆ ಮೂಲೇಲಿ ಕೂತಿರೋಳನ್ನ ಕರಿ. ನಾನು ಬರಲ್ಲ."

ಒಲೆಯ ಮೇಲಿನ ರೊಟ್ಟಿ ಸೀಯುತ್ತಿತ್ತು, ಯಾರೂ ತಿರುಗಿಸಲಿಲ್ಲ. ಅಲ್ಲಿದ್ದ ಹೆಂಗಸರಲ್ಲಿ ಸ್ಮಶಾನದಲ್ಲಿ ಗುಂಡುಕಲ್ಲು ಇಡದವರು ಇಬ್ಬರೋ ಮೂವರೋ. ಮಿಕ್ಕವರ ಕಣ್ಣು ಒಬ್ಬೊಬ್ಬರದಾಗಿ ನನ್ನ ಮುಖದಿಂದ ಇಳಿದು ನನ್ನ ಬಲಗೈಯ ಮೇಲೆ ನಿಂತಿತು.

ಆ ಕೈ ಇನ್ನೂ ಉನಾಳ ಕೈಯಲ್ಲಿತ್ತು. ಅವಳು ಅದನ್ನು ನೋಡಿದಳು. ಮೆಲ್ಲಗೆ ಬಿಟ್ಟಳು. ಆಮೇಲೆ ತನ್ನ ಎರಡೂ ಅಂಗೈಗಳನ್ನು ಲಂಗಕ್ಕೆ ಒರೆಸಿಕೊಂಡಳು, ಒಂದು ಸಲ, ಇನ್ನೊಂದು ಸಲ. ನನ್ನನ್ನು ಕಂಡು ಮೂಗು ಮುಚ್ಚಿಕೊಂಡ ಹಡಗಿನ ಜನ ಎಷ್ಟೋ ಇದ್ದರು, ಅವರಿಗೆಲ್ಲ ಮನಸಾರೆ ಥೂ ಅಂದಿದ್ದೆ. ಉನಾ ಕೈ ಒರೆಸಿಕೊಂಡಾಗ ನಾನು ಆ ಬಲಗೈಯನ್ನು ಬೆನ್ನ ಹಿಂದೆ ಎಳೆದುಕೊಂಡೆ. ಅವಳು ಬಾಗಿಲು ದಾಟಿ ಹೋದಳು.

ಹೋದಳು, ಇನ್ನು ಈ ಮನೆಗೆ ಬರುವುದಿಲ್ಲ ಅಂದುಕೊಂಡೆ. ಉಳಿದವರೂ ಎದ್ದು ಶಾಲು ಹೊದ್ದುಕೊಳ್ಳುತ್ತಿದ್ದರು. ಅಷ್ಟರಲ್ಲಿ ಉನಾ ವಾಪಸ್ ಬಂದಳು. ನನ್ನ ಕಡೆ ನೋಡಲಿಲ್ಲ. ನೇರವಾಗಿ ಹಾಸಿಗೆಯ ಹತ್ತಿರ ಹೋಗಿ, ಮುಷ್ಟಿಯಲ್ಲಿದ್ದ ಒಂದು ಉಣ್ಣೆಯ ಟೋಪಿಯನ್ನು ಬಿಡಿಸಿದಳು. ಹದಿನೈದು ವರ್ಷ ಪೆಟ್ಟಿಗೆಯ ಅಡಿಯಲ್ಲಿದ್ದು ಹಳದಿಗಟ್ಟಿತ್ತು. ಮಗುವಿನ ತಲೆಗೆ ಹಾಕಿ, ಕಿವಿ ಮುಚ್ಚುವಂತೆ ಎಳೆದು, ಗಲ್ಲದ ಕೆಳಗೆ ದಾರ ಕಟ್ಟಿದಳು. ಗಂಟು ಎರಡು ಸಲ ಬಿಚ್ಚಿಹೋಯಿತು.

"ಹಂಗಾದ್ರೆ ಟೋಪಿ ಏನೂ ಮಾಡಿರ್ಲಿಲ್ಲ" ಅಂದಳು.